ದೇವಾಲಯದ ಸೊತ್ತು ಮತ್ತು ಅದನ್ನು ಕಾಯುವ ಕೈಗಳು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಪಾಲನಾ ಮಂಡಳಿ, ಗುರಿಕಾರರು ಹಾಗೂ ಯುವಜನರು ಕೂಡಿದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ಗುಡ್ಡದ ಮೇಲೆ ನಮ್ಮ ಹಿರಿಯರು ಮುರಕಲ್ಲನ್ನು ತಲೆಯ ಮೇಲೆ ಹೊತ್ತು ತಂದು, ಸುಣ್ಣವನ್ನು ತಾವೇ ಅರೆದು, ದೇವರಿಗೊಂದು ಮನೆಯನ್ನು ಕಟ್ಟಿದರು. ಅವರಲ್ಲಿ ಅನೇಕರ ಸ್ವಂತ ಮನೆಗಳಿಗೆ ಆಗ ಹಂಚಿನ ಮಾಡಿರಲಿಲ್ಲ, ಮುಳಿಹುಲ್ಲಿನ ಮಾಡಿತ್ತು. ಆದರೂ ದೇವಾಲಯಕ್ಕೆ ಹಂಚು ಹೊದಿಸಿದರು. ಇಂತಹ ಪೂರ್ವಜರನ್ನು ನಮಗೆ ಅನುಗ್ರಹಿಸಿದ ದೇವರಿಗೆ ಮೊದಲು ಕೃತಜ್ಞತೆಯನ್ನು ಸಲ್ಲಿಸೋಣ.

ಶತಮಾನೋತ್ಸವವೆಂದರೆ ದೀಪಾಲಂಕಾರ, ತೋರಣ, ಮೆರವಣಿಗೆ, ಭೋಜನ ಇವೆಲ್ಲವೂ ಇರಬೇಕಾದುದೇ. ಆದರೆ ಹಬ್ಬ ಮುಗಿದ ಮರುದಿನ ನಮ್ಮ ಕೈಯಲ್ಲಿ ಉಳಿಯುವುದೇನು ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ. ನಿಮಗೆಲ್ಲ ತಿಳಿದಿರುವಂತೆ ಮಂಡಳಿಯ ಮುಂದೆ ಮೂರು ಸಲಹೆಗಳು ಬಂದಿವೆ. ಹಳೆಯ ಹಂಚಿನ ಮಾಡನ್ನು ತೆಗೆದು ತಗಡಿನ ಶೀಟು ಹೊದಿಸುವುದು. ಸಾಗುವಾನಿ ಮರದ ಹಳೆಯ ಪೀಠಕ್ಕೆ ಚಿನ್ನದ ಬಣ್ಣ ಬಳಿಯುವುದು. ಗೋಡೆಗಳ ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟಿನ ಗಾರೆ ಮಾಡುವುದು. ಸಲಹೆ ಕೊಟ್ಟವರೆಲ್ಲರೂ ದೇವಾಲಯದ ಮೇಲಣ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಅವರ ಪ್ರೀತಿಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಅದೇ ಪ್ರೀತಿಯಿಂದ ನಾವೂ ಒಮ್ಮೆ ಒಂದು ದೊಡ್ಡ ತಪ್ಪನ್ನು ಮಾಡಿದ್ದೇವೆ. ಅದನ್ನು ಮೊದಲು ಹೇಳದೆ ಬೇರೇನನ್ನು ಹೇಳಿದರೂ ಅದು ಬರೀ ಉಪದೇಶವಾದೀತು.

ನಾವು ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದವು. ಘಟ್ಟದ ಬದಿಯ ಒಂದು ಚಿಕ್ಕ ಧರ್ಮಕೇಂದ್ರದ ಹೊಣೆ ನಮಗೆ ದೊರೆತಿತ್ತು. ಅಲ್ಲಿಯ ದೇವಾಲಯದಲ್ಲಿ ಹಲಸಿನ ಮರದಿಂದ ಮಾಡಿದ ಹಳೆಯ ಪೀಠವೊಂದಿತ್ತು. ಅದರ ಗೂಡುಗಳಲ್ಲಿ ಕೈಕೆತ್ತನೆಯ ಎರಡು ಪ್ರತಿಮೆಗಳಿದ್ದವು. ಪೀಠದ ಬುಡಕ್ಕೆ ಗೆದ್ದಲು ಹಿಡಿದಿತ್ತು. ಯಾರನ್ನೂ ಕೇಳದೆ, ಧರ್ಮಾಧ್ಯಕ್ಷರಿಗೂ ಬರೆಯದೆ, ಪೀಠವನ್ನು ಬಿಚ್ಚಿಸಿ ಅಮೃತಶಿಲೆಯ ಹೊಸ ಪೀಠವನ್ನಿರಿಸಿದೆವು. ಪ್ರತಿಮೆಗಳಿಗೆ ಪೇಟೆಯಿಂದ ತಂದ ಎನಾಮೆಲ್ ಬಣ್ಣವನ್ನು ದಪ್ಪವಾಗಿ ಬಳಿಸಿದೆವು. ಜನರು ಮೆಚ್ಚಿದರು. ಹಿರಿಯ ಬಡಗಿಯೊಬ್ಬರು ಮಾತ್ರ ಪೂಜೆಯ ನಂತರ ಬಂದು, "ಸ್ವಾಮೀ, ಬುಡ ಮಾತ್ರ ಕೆಟ್ಟಿತ್ತು. ಬುಡ ಬದಲಿಸಿದ್ದರೆ ಸಾಕಿತ್ತು" ಎಂದರು. ಅವರ ಅಜ್ಜನೇ ಆ ಪೀಠವನ್ನು ಕೆತ್ತಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು. ಕಳಚಿದ ಮರ ಎಲ್ಲಿಗೆ ಹೋಯಿತೆಂದು ವಿಚಾರಿಸಿದಾಗ, ಹಬ್ಬದ ಅಡುಗೆಯ ಒಲೆಗೆ ಹೋಯಿತೆಂದು ಉತ್ತರ ಬಂತು. ಬಣ್ಣದ ಪದರದೊಳಗೆ ತೇವ ಸಿಕ್ಕಿಕೊಂಡು ನಾಲ್ಕೈದು ಮಳೆಗಾಲಗಳಲ್ಲಿ ಪ್ರತಿಮೆಗಳೂ ಒಳಗಿನಿಂದ ಕೊಳೆತವು.

ಅಂದು ನಮ್ಮಲ್ಲಿ ಹಣವಿತ್ತು, ಉತ್ಸಾಹವಿತ್ತು, ಜನರ ಬೆಂಬಲವೂ ಇತ್ತು. ಇಲ್ಲದಿದ್ದುದು ತಿಳಿದವರನ್ನು ಕೇಳುವ ವಿನಯ. ಗುರುಮಠದಲ್ಲಿ ಪವಿತ್ರ ಕಲೆಯ ವಿಷಯವಾಗಿ ನಾಲ್ಕು ಮಾತುಗಳನ್ನು ನಮಗೆ ಕಲಿಸದೆ ಇರಲಿಲ್ಲ. ದೇವಶಾಸ್ತ್ರದ ಪರೀಕ್ಷೆಗೆ ಬಾರದ ಪಾಠವೆಂದು ನಾವೇ ಮನಸ್ಸಿಟ್ಟು ಕೇಳಲಿಲ್ಲ.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಅಸ್ಪಷ್ಟವಾಗಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರ ಡಿಸೆಂಬರ್ ೪ರಂದು ಪ್ರಕಟಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನದಲ್ಲಿ ಒಂದು ಅಧ್ಯಾಯವನ್ನೇ ಪವಿತ್ರ ಕಲೆಗೆ ಮೀಸಲಿಟ್ಟಿದೆ. ಬೆಲೆಯುಳ್ಳ ಕಲಾಕೃತಿಗಳು ಪರರ ಪಾಲಾಗದಂತೆಯೂ ಹಾಳಾಗದಂತೆಯೂ ಧರ್ಮಾಧ್ಯಕ್ಷರು ಎಚ್ಚರವಹಿಸಬೇಕೆಂದು ಅದು ವಿಧಿಸುತ್ತದೆ. ಕಲಾವಿದರನ್ನು ತರಬೇತುಗೊಳಿಸಲು ಪವಿತ್ರ ಕಲೆಯ ಶಾಲೆಗಳನ್ನು ತೆರೆಯಬೇಕೆಂದೂ, ಗುರು ಅಭ್ಯರ್ಥಿಗಳಿಗೆ ಆ ಕಲೆಯ ಇತಿಹಾಸವನ್ನು ಬೋಧಿಸಬೇಕೆಂದೂ ಅದೇ ಅಧ್ಯಾಯ ಸೂಚಿಸುತ್ತದೆ. ವಸ್ತುವನ್ನು ಕಾಯುವ ಮಾತು ಮತ್ತು ಮನುಷ್ಯನನ್ನು ತರಬೇತುಗೊಳಿಸುವ ಮಾತು ಒಂದರ ಬೆನ್ನಿಗೊಂದು ಬಂದಿರುವುದನ್ನು ಗಮನಿಸಿರಿ.

೧೯೮೩ರ ಧರ್ಮಸಭೆಯ ಕಾನೂನು ಸಂಹಿತೆ ಇನ್ನೂ ಖಚಿತವಾಗಿ ಮಾತನಾಡುತ್ತದೆ. ಪುರಾತನತೆಯಿಂದಾಗಲಿ, ಕಲೆಯಿಂದಾಗಲಿ, ಭಕ್ತಿಯಿಂದಾಗಲಿ ಹೆಸರಾದ ಪ್ರತಿಮೆ ಅಥವಾ ಚಿತ್ರಪಟಗಳನ್ನು ಮೇಲಧಿಕಾರಿಯ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಬಾರದು. ಅನುಮತಿ ಕೊಡುವ ಮೊದಲು ಅವರು ಪರಿಣತರನ್ನು ವಿಚಾರಿಸಬೇಕು ಎಂದು ೧೧೮೯ನೆಯ ನಿಯಮ ಹೇಳುತ್ತದೆ. ಧರ್ಮಸಭೆಯ ಸೊತ್ತುಗಳ ಪಟ್ಟಿಯನ್ನು ಬರೆದು, ಒಂದು ಪ್ರತಿಯನ್ನು ಸ್ಥಳೀಯ ದಫ್ತರಿನಲ್ಲೂ ಇನ್ನೊಂದನ್ನು ಧರ್ಮಾಧ್ಯಕ್ಷರ ಕಾರ್ಯಾಲಯದಲ್ಲೂ ಇಡಬೇಕೆಂಬುದು ೧೨೮೩ನೆಯ ನಿಯಮ. ಹಳೆಯ ಧರ್ಮಕೇಂದ್ರ ದಾಖಲೆಗಳನ್ನು ಜೋಪಾನವಾಗಿ ಕಾಯಬೇಕೆಂದು ೫೩೫ನೆಯ ನಿಯಮ ಆಜ್ಞಾಪಿಸುತ್ತದೆ. ಧರ್ಮಸಭೆಯ ಸಾಂಸ್ಕೃತಿಕ ಸೊತ್ತುಗಳ ಬಗೆಗಿನ ವ್ಯಾಟಿಕನ್ ಆಯೋಗವು ೧೯೯೯ರ ಡಿಸೆಂಬರ್ ೮ರಂದು ಎಲ್ಲ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಇಂತಹ ಪಟ್ಟಿ ತಯಾರಿಸುವುದು ತುರ್ತಿನ ಕೆಲಸವೆಂದು ತಿಳಿಸಿದೆ. ಘಟ್ಟದ ಬದಿಯ ಆ ಧರ್ಮಕೇಂದ್ರದಲ್ಲಿ ನಾವು ಮಾಡಿದ್ದು ಕೇವಲ ಅಜ್ಞಾನದ ಕೆಲಸವಲ್ಲ, ನಿಯಮದ ಉಲ್ಲಂಘನೆ ಕೂಡ.

ಇದೆಲ್ಲ ಏತಕ್ಕೆ, ದೇವರಿಗೆ ಹಳೆಯ ಮರವೂ ಒಂದೇ ಹೊಸ ಶಿಲೆಯೂ ಒಂದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ದೇವರಿಗೆ ಒಂದೇ ಇರಬಹುದು. ನಮಗೆ ಒಂದೇ ಅಲ್ಲ. ನಮ್ಮ ಅಜ್ಜಿಯಂದಿರು ಮಕ್ಕಳ ಜ್ವರಕ್ಕಾಗಿ ಮೊಣಕಾಲೂರಿ ಅತ್ತದ್ದು ಈ ಪೀಠದ ಮುಂದೆ. ಜ್ಞಾನಸ್ನಾನದ ದಾಖಲೆಯಲ್ಲಿ ಅವರ ಹೆಸರುಗಳಿವೆ. ಕೆಲವರ ವಿಷಯದಲ್ಲಿ ಆ ಒಂದು ಸಾಲು ಬಿಟ್ಟರೆ ಲೋಕದಲ್ಲಿ ಅವರ ಗುರುತೇ ಇಲ್ಲ. ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರತೆಗೆಯುವ ಮನೆಯಜಮಾನನ ಸಾಮತಿಯನ್ನು ಪ್ರಭುಗಳು ಹೇಳಿದರು. ಹಳೆಯದನ್ನು ಸುಟ್ಟವನು ಹೊರತೆಗೆಯುವುದಾದರೂ ಏನನ್ನು?

ಈಗ ನಮ್ಮ ನಾಡಿನದೇ ಎರಡು ನಿದರ್ಶನಗಳನ್ನು ನೋಡೋಣ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನಿಮ್ಮಲ್ಲಿ ನೋಡದವರಿಲ್ಲ. ಇಟಲಿಯ ಬೆರ್ಗಮೊ ಬಳಿಯಲ್ಲಿ ೧೮೫೪ರಲ್ಲಿ ಹುಟ್ಟಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ೧೮೯೯ರಲ್ಲಿ ಮಂಗಳೂರಿಗೆ ಬಂದು, ಎರಡು ಮೂರು ವರ್ಷಗಳೊಳಗೆ ಆ ಪ್ರಾರ್ಥನಾಲಯವನ್ನು ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಚಾವಣಿಯವು ಕ್ಯಾನ್ವಾಸಿನ ಮೇಲಣ ತೈಲವರ್ಣದವು. ಹಸಿ ಗಾರೆಯ ಕೆಲಸ ಬಲು ಕಠಿಣ. ಗಾರೆ ಒಣಗುವ ಮೊದಲೇ ಕುಂಚ ಓಡಬೇಕು. ಒಮ್ಮೆ ಒಣಗಿತೆಂದರೆ ಬಣ್ಣ ಗೋಡೆಯೊಂದಿಗೆ ಒಂದಾಗುತ್ತದೆ. ಸಹೋದರ ಮೊಸ್ಕೇನಿ ೧೯೦೫ರಲ್ಲಿ ಕೊಚ್ಚಿಯಲ್ಲಿ ದೈವಾಧೀನರಾದರು. ತೊಂಬತ್ತು ವರ್ಷಗಳ ಅವಧಿಯಲ್ಲಿ ಕರಾವಳಿಯ ಮಳೆ, ತೇವ, ಧೂಳು ಚಿತ್ರಗಳನ್ನು ಬಾಧಿಸಿದವು. ಆಗ ಅಲ್ಲಿಯ ಗುರುಗಳು ಪೇಟೆಯ ಬಣ್ಣದವರನ್ನು ಕರೆಯಲಿಲ್ಲ. ಭಾರತೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ನ್ಯಾಸವಾದ ಇಂಟ್ಯಾಕ್ ಸಂಸ್ಥೆಯ ಲಕ್ನೋ ಕೇಂದ್ರದ ಪರಿಣತರನ್ನು ಕರೆಸಿದರು. ೧೯೯೧ರಿಂದ ೧೯೯೪ರ ವರೆಗೆ ಕೆಲಸ ನಡೆಯಿತು. ಒಬ್ಬ ಮನುಷ್ಯ ಎರಡು ಮೂರು ವರ್ಷಗಳಲ್ಲಿ ಬರೆದುದನ್ನು ಸರಿಪಡಿಸಲು ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯಿತು ಎಂಬುದನ್ನು ಮನಸ್ಸಿನಲ್ಲಿಡಿರಿ. ಧಾರ್ಮಿಕ ಸಂಸ್ಥೆಯೊಂದು ಮತ್ತು ಮತಾತೀತ ಸಂಸ್ಥೆಯೊಂದು ಕೈಜೋಡಿಸಿದುದರ ಫಲವಾಗಿ ಇಂದು ನಾವು ಆ ಚಿತ್ರಗಳನ್ನು ಕಣ್ತುಂಬ ನೋಡುತ್ತಿದ್ದೇವೆ.

ಇನ್ನೊಂದು ನಿದರ್ಶನ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಸರ ಮಾತೆಯ ದೇವಾಲಯ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಹಿನ್ನೀರಿನಿಂದಾಗಿ ಊರಿನವರು ಬೇರೆಡೆಗೆ ಹೋಗಬೇಕಾಯಿತು. ದೇವಾಲಯ ಅಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ದೂರದ ಊರುಗಳಿಂದ ಜನರು ಅದರ ಚಿತ್ರ ತೆಗೆಯಲು ಬರುತ್ತಾರೆ. ಚಿತ್ರ ತೆಗೆಯುವವರು ಸಾವಿರ ಮಂದಿ. ಕಲ್ಲು ಜಾರಿದರೆ ಮರಳಿ ಇಡುವವರಿಲ್ಲ. ಇತ್ತೀಚಿನ ವರ್ಷಗಳ ಮಳೆಗೆ ಅದರ ಒಂದು ಭಾಗ ಕುಸಿದಿದೆ. ಜನರು ಬಿಟ್ಟುಹೋದ ದೇವಾಲಯದ ಗತಿ ಇದು. ನಮ್ಮ ದೇವಾಲಯವನ್ನು ನಾವು ಬಿಟ್ಟುಹೋಗಿಲ್ಲ. ಆದುದರಿಂದ ನಮಗೆ ನೆಪವೂ ಇಲ್ಲ.

ನೆರೆಯ ಗೋವೆಯಲ್ಲಿ ೧೯೯೪ರಲ್ಲಿ ರಾಶೋಲ್ ಗುರುಮಠದಲ್ಲಿ ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯವೊಂದು ಆರಂಭವಾಯಿತು. ಧರ್ಮಪ್ರಾಂತ್ಯ, ಇಂಟ್ಯಾಕ್ ಹಾಗೂ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರತಿಷ್ಠಾನ ಅದಕ್ಕಾಗಿ ಒಂದುಗೂಡಿದವು. ೨೦೦೨ರಲ್ಲಿ ಅದು ಹಳೆ ಗೋವೆಯ ಸಾಂತಾ ಮೋನಿಕಾ ಮಠಕ್ಕೆ ಸ್ಥಳಾಂತರಗೊಂಡಿತು. ೨೦೨೨ರಲ್ಲಿ ನವೀಕೃತವಾಗಿ ಮತ್ತೆ ತೆರೆಯಿತು. ಊರೂರಿನ ದೇವಾಲಯಗಳ ಮೂಲೆಯಲ್ಲಿ ಧೂಳು ತಿನ್ನಬಹುದಾಗಿದ್ದ ವಸ್ತುಗಳು ಅಲ್ಲಿ ರಕ್ಷಣೆ ಪಡೆದಿವೆ. ಒಬ್ಬೊಬ್ಬರಿಂದ ಆಗದ ಕೆಲಸ ಹಲವರು ಕೂಡಿದಾಗ ಆಗುತ್ತದೆ.

ಪ್ರಿಯರೇ, ಇಲ್ಲಿಯ ವರೆಗೆ ವಸ್ತುಗಳ ಮಾತಾಯಿತು. ಇನ್ನು ಮನುಷ್ಯರ ಮಾತು. ನಿಜವಾಗಿ ಈ ಸಭೆಯನ್ನು ಕರೆದದ್ದೇ ಅದಕ್ಕಾಗಿ.

೨೦೧೯ರ ಏಪ್ರಿಲ್ ೧೫ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯದ ಮಾಡು ಬೆಂಕಿಗೆ ಆಹುತಿಯಾದುದನ್ನು ನೀವೆಲ್ಲ ದೂರದರ್ಶನದಲ್ಲಿ ಕಂಡಿರಿ. ೨೦೨೪ರ ಡಿಸೆಂಬರಿನಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು. ಐದೂವರೆ ವರ್ಷಗಳಲ್ಲಿ ಇದು ಹೇಗೆ ಸಾಧ್ಯವಾಯಿತು? ಹಣ ಬಂದದ್ದು ನಿಜ. ಆದರೆ ಸುಮಾರು ೨೦೦೦ ಓಕ್ ಮರಗಳನ್ನು ಆರಿಸಿ, ಮಧ್ಯಯುಗದವರಂತೆಯೇ ಕೈಗೊಡಲಿಯಿಂದ ತೊಲೆಗಳನ್ನು ಕೆತ್ತಬಲ್ಲ ಬಡಗಿಗಳು ಆ ದೇಶದಲ್ಲಿ ಇನ್ನೂ ಉಳಿದಿದ್ದರು. ಊರಿಂದೂರಿಗೆ ಹೋಗಿ, ಹಿರಿಯ ಕುಶಲಿಗಳ ಕೈಕೆಳಗೆ ದುಡಿದು ಕಲಿಯುವ ಪದ್ಧತಿಯನ್ನು ಅವರು ಕೈಬಿಟ್ಟಿರಲಿಲ್ಲ. ಕಲಿತವರೇ ಇಲ್ಲದಿದ್ದರೆ ಕೋಟಿಗಟ್ಟಲೆ ಹಣವೂ ಒಂದು ತೊಲೆಯನ್ನು ಎತ್ತಿ ನಿಲ್ಲಿಸಲಾರದು.

ವಿಮೋಚನಾಕಾಂಡದಲ್ಲಿ ಬೆಚಲೇಲನೆಂಬ ಕುಶಲಿಯ ವೃತ್ತಾಂತ ಬರುತ್ತದೆ. ದೇವದರ್ಶನದ ಗುಡಾರದ ಕೆಲಸಕ್ಕಾಗಿ ದೇವರು ಅವನನ್ನು ಹೆಸರು ಹಿಡಿದು ಕರೆದು ತಮ್ಮ ಆತ್ಮದಿಂದ ತುಂಬಿಸಿದರು. ಚಿನ್ನ, ಬೆಳ್ಳಿ, ಮರ, ರತ್ನಗಳ ಕೆಲಸದ ಜಾಣ್ಮೆಯನ್ನು ಅವನಿಗೆ ದಯಪಾಲಿಸಿದರು. ಅಷ್ಟೇ ಅಲ್ಲ, ಅವನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ವರವನ್ನೂ ಕೊಟ್ಟರೆಂದು ಪವಿತ್ರ ಗ್ರಂಥ ತಿಳಿಸುತ್ತದೆ. ಕುಶಲ ಕೆಲಸ ದೇವರ ಕರೆಯಾಗಿದೆ. ಅದನ್ನು ಕಲಿಸುವುದೂ ದೇವರ ಕರೆಯೇ.

ನಮ್ಮ ಮನೆಮಕ್ಕಳಿಗೆ ಈ ಕರೆ ಬಂದಾಗ ನಾವು ಏನು ಮಾಡುತ್ತೇವೆ? ಇಂಜಿನಿಯರಾಗು, ದಾದಿಯಾಗು, ಕೊಲ್ಲಿಗೆ ಹೋಗು ಎನ್ನುತ್ತೇವೆ. ಅದರಲ್ಲಿ ತಪ್ಪಿಲ್ಲ, ಕೊಲ್ಲಿಯ ದುಡಿಮೆಯಿಂದ ಈ ಊರಿನ ಅನೇಕ ಮನೆಗಳ ಒಲೆ ಉರಿದಿದೆ. ಆದರೆ ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಹಳೆಯ ಚಿತ್ರ, ಪ್ರತಿಮೆ, ಕಾಗದಗಳ ಸಂರಕ್ಷಣಾಶಾಸ್ತ್ರವನ್ನು ಓದಿ ಬಂದಾಗ ನಡೆದುದನ್ನು ಹೇಳಲೇಬೇಕು. ಹೆಸರು ಬೇಡ, ಅವಳ ಅನುಮತಿಯನ್ನು ಪಡೆದೇ ಹೇಳುತ್ತಿದ್ದೇವೆ. ಪಾಲಕ ಸಂತರ ಪ್ರತಿಮೆಯನ್ನು ಸ್ವಚ್ಛಗೊಳಿಸಿ ಕೊಡೆಂದು ನಾವು ಅವಳನ್ನು ಕೇಳಿದೆವು. ಅವಳು ಪ್ರತಿಮೆಯನ್ನು ಪರೀಕ್ಷಿಸಿ, ಆರು ವಾರಗಳ ಕೆಲಸವೆಂದು ಹೇಳಿ, ಖರ್ಚಿನ ಅಂದಾಜನ್ನು ಬರೆದುಕೊಟ್ಟಳು. ನಾವು ನಕ್ಕು, "ಇದು ದೇವರ ಸೇವೆಯಲ್ಲವೇ, ಮಗಳೇ?" ಎಂದೆವು. ಅವಳು ವಿನಯದಿಂದಲೇ ಉತ್ತರಿಸಿದಳು: "ಫಾದರ್, ಹಬ್ಬಕ್ಕೆ ಶಾಮಿಯಾನದವರಿಗೆ ಕೊಟ್ಟಿರಿ, ಮೈಕಿನವರಿಗೆ ಕೊಟ್ಟಿರಿ, ಬ್ಯಾಂಡಿನವರಿಗೂ ಕೊಟ್ಟಿರಿ. ಅವರನ್ನು ಸೇವೆ ಮಾಡಿ ಎಂದು ಕೇಳಲಿಲ್ಲ. ನಾನು ಓದಲು ಮಾಡಿದ ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ."

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ದುಡಿಯುವವನಿಗೆ ಕೂಲಿ ಸಲ್ಲಬೇಕೆಂದು ಪ್ರಭುಗಳೇ ಹೇಳಿರುವಾಗ, ಅವರ ಮನೆಯ ಕೆಲಸಕ್ಕೇ ಕೂಲಿ ಇಲ್ಲವೆಂದರೆ ಹೇಗೆ? ಸೇವೆ ಎಂಬ ಪವಿತ್ರ ಶಬ್ದವನ್ನು ನಮ್ಮ ಜಿಪುಣತನಕ್ಕೆ ಮುಸುಕಾಗಿ ಬಳಸಿದೆವಲ್ಲ ಎಂಬ ನಾಚಿಕೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅವಳು ಈಗ ದೂರದ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಅಲ್ಲಿ ಅವಳ ಕೈ ಬೇರೆಯವರ ಪರಂಪರೆಯನ್ನು ಕಾಯುತ್ತಿದೆ.

ಕಲಿಯಲು ಇಚ್ಛಿಸುವವರಿಗೆ ದಾರಿಗಳು ಇಲ್ಲದಿಲ್ಲ. ಕಾರ್ಕಳದ ಬಳಿ ಮಿಯ್ಯಾರಿನಲ್ಲಿ ಸಿ. ಇ. ಕಾಮತರ ಹೆಸರಿನಲ್ಲಿ ಕೆನರಾ ಬ್ಯಾಂಕು ನಡೆಸುವ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಿದೆ. ಅಲ್ಲಿ ಶಿಲೆ, ಮರ, ಲೋಹಗಳ ಕೆಲಸವನ್ನು ಯುವಕರಿಗೆ ಕಲಿಸುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕಿನ ಕಲಾ ಸಂರಕ್ಷಣಾ ಕೇಂದ್ರವಿದೆ. ಲಕ್ನೋದಲ್ಲಿ ೧೯೭೬ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಶಾಖೆ ಮೈಸೂರಿನಲ್ಲಿದೆ. ಇವರು ಹಿಂದೂ ದೇಗುಲದ ರಥ, ಜೈನ ಬಸದಿಯ ಬಿಂಬ, ಕ್ರೈಸ್ತರ ಶಿಲುಬೆ ಎಂದು ಭೇದವೆಣಿಸುವವರಲ್ಲ. ಮರಕ್ಕೆ ಹಿಡಿಯುವ ಗೆದ್ದಲಿಗೆ ಮತಭೇದವಿಲ್ಲ. ಅದನ್ನು ತಡೆಯುವ ವಿದ್ಯೆಗೂ ಇರಬೇಕಾಗಿಲ್ಲ. ಪಕ್ಕದ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು ತಮ್ಮ ಮರಗೆಲಸದವರನ್ನು ನಮ್ಮ ಮಾಡನ್ನು ಪರೀಕ್ಷಿಸಲು ಕಳುಹಿಸುತ್ತೇವೆಂದು ಹೇಳಿದ್ದಾರೆ. ಆ ಸಹೃದಯತೆಗೆ ಈ ವೇದಿಕೆಯಿಂದ ವಂದಿಸುತ್ತೇವೆ.

ಇನ್ನು ಮಂಡಳಿಯ ಮುಂದೆ ನಮ್ಮ ವಿನಂತಿಗಳು.

ಮೊದಲನೆಯದು ಪಟ್ಟಿ. ಗಂಟೆ, ಪಾನಪಾತ್ರೆ, ಪೂಜಾವಸ್ತ್ರ, ಪ್ರತಿಮೆ, ಶಿಲುಬೆ, ದಾಖಲೆಪುಸ್ತಕ, ಹಳೆಯ ಹಾಡಿನ ಹಸ್ತಪ್ರತಿ, ಎಲ್ಲವನ್ನೂ ಅಳತೆ ಮತ್ತು ಛಾಯಾಚಿತ್ರಗಳೊಡನೆ ಬರೆದಿಡಬೇಕು. ಪ್ರತಿ ವಾಳ್ಯದಿಂದ ಇಬ್ಬರು ಯುವಜನರು ಈ ಕೆಲಸಕ್ಕೆ ಬರಲಿ. ಯಾವ ವಸ್ತುವನ್ನು ಯಾರ ಕುಟುಂಬ ಯಾವ ಹರಕೆಗಾಗಿ ಕೊಟ್ಟಿತೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ದಾಖಲೆಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವ ಅಭ್ಯಾಸವನ್ನು ಇಂದೇ ಬಿಡೋಣ. ಪ್ಲಾಸ್ಟಿಕ್ಕಿನೊಳಗೆ ತೇವ ನಿಂತು ಕಾಗದ ಕೊಳೆಯುತ್ತದೆ.

ಎರಡನೆಯದು ಮಾಡು ಮತ್ತು ಗೋಡೆ. ಮುರಕಲ್ಲು ರಂಧ್ರಗಳುಳ್ಳ ಕಲ್ಲು. ಮಳೆಗಾಲದಲ್ಲಿ ನೀರನ್ನು ಹೀರುತ್ತದೆ, ಬಿಸಿಲಿನಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಹೋಗಲು ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿದ ನೀರು ಕಲ್ಲನ್ನೇ ಪುಡಿ ಮಾಡುತ್ತದೆ. ಆದುದರಿಂದ ಸುಣ್ಣದ ಕೆಲಸ ಬಲ್ಲವರನ್ನು ಹುಡುಕಿ ತರೋಣ. ಮಾಡಿನಲ್ಲಿ ಕೆಟ್ಟ ಪಕ್ಕಾಸು, ರೀಪುಗಳನ್ನು ಮಾತ್ರ ಬದಲಿಸಿ, ಒಡೆದ ಹಂಚುಗಳ ಜಾಗದಲ್ಲಿ ಬೇರೆ ಹಂಚು ಹಾಕೋಣ. ಇದು ಶೀಟಿಗಿಂತ ಅಗ್ಗವೆಂದು ನಾವು ಹೇಳುವುದಿಲ್ಲ. ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಯಾರಾದರೂ ಮಾಡು ಹತ್ತಿ ನೋಡಲೇಬೇಕು. ಮನೆಯೆಂದ ಮೇಲೆ ಅದು ಇದ್ದದ್ದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಶತಮಾನೋತ್ಸವ ನಿಧಿಯ ಒಂದು ಭಾಗವನ್ನು ಕಟ್ಟಡಕ್ಕಲ್ಲ, ಕಲಿಯುವವರಿಗೆ ಮೀಸಲಿಡಬೇಕು. ನಮ್ಮ ಧರ್ಮಕೇಂದ್ರದ ಇಬ್ಬರು ಯುವಜನರು, ಒಬ್ಬರು ಮರ ಅಥವಾ ಶಿಲೆಯ ಕೆಲಸದಲ್ಲಿ, ಇನ್ನೊಬ್ಬರು ದಾಖಲೆ ಮತ್ತು ಚಿತ್ರಗಳ ಸಂರಕ್ಷಣೆಯಲ್ಲಿ, ತರಬೇತಿ ಪಡೆಯಲಿ. ಮಾಡಿನ ಕೆಲಸಕ್ಕೆ ಬರುವ ಹಿರಿಯ ಬಡಗಿಗಳ ಜೊತೆ ಕಲಿಕೆಗಾರರು ಇರಲೇಬೇಕೆಂದು ಕರಾರಿನಲ್ಲೇ ಬರೆಯೋಣ. ಆ ಕಲಿಕೆಗಾರರಿಗೂ ದಿನಗೂಲಿ ಕೊಡೋಣ. ಕೊಲ್ಲಿಯಲ್ಲಿ, ಮುಂಬಯಿಯಲ್ಲಿ ಇರುವ ನಮ್ಮವರು ಇದುವರೆಗೆ ಅಮೃತಶಿಲೆಯ ಫಲಕದ ಮೇಲೆ ಹೆಸರು ಕೆತ್ತಿಸಲು ಕೊಟ್ಟಿದ್ದಾರೆ; ಇನ್ನು ಮುಂದೆ ಒಬ್ಬ ಹುಡುಗನ, ಒಬ್ಬಳು ಹುಡುಗಿಯ ಕಲಿಕೆಗೆ ಕೊಡಲಿ. ನೆರೆಹೊರೆಯ ಧರ್ಮಕೇಂದ್ರಗಳೂ ಕೂಡಿಕೊಂಡರೆ ತರಬೇತಿ ಪಡೆದವರಿಗೆ ವರ್ಷವಿಡೀ ಕೆಲಸ ಸಿಕ್ಕೀತು. ಒಂದು ದೇವಾಲಯ ಒಬ್ಬ ಸಂರಕ್ಷಕನನ್ನು ಸಾಕಲಾರದು. ಹತ್ತು ದೇವಾಲಯಗಳು ಕೂಡಿ ಸಾಕಬಹುದು. ಈ ವಿಷಯವಾಗಿ ವಲಯದ ಗುರುಗಳೊಡನೆ ಮಾತನಾಡಿದ್ದೇವೆ. ಧರ್ಮಾಧ್ಯಕ್ಷರಿಗೆ ಪತ್ರವನ್ನೂ ಬರೆದಿದ್ದೇವೆ. ಈ ಸಲ ಕೇಳದೆ ಕೈಹಾಕುವುದಿಲ್ಲ.

ಯುವಜನರೇ, ನಿಮಗೊಂದು ಮಾತು. ಪರಂಪರೆಯೆಂದರೆ ಹಿರಿಯರು ನಿಮ್ಮ ಹೆಗಲ ಮೇಲೆ ಹೊರಿಸುವ ಹೊರೆಯಲ್ಲ. ನೂರು ವರ್ಷಗಳ ಹಿಂದೆ ಈ ಕಲ್ಲುಗಳನ್ನು ಹೊತ್ತವರಲ್ಲಿ ಹೆಚ್ಚಿನವರು ನಿಮ್ಮ ಪ್ರಾಯದವರೇ ಆಗಿದ್ದರು. ನಾವು ಅರವತ್ತು ದಾಟಿದವರು, ಮಾಡನ್ನು ಹತ್ತಲಾರೆವು. ನೀವು ಹತ್ತುವಾಗ ಏಣಿಯನ್ನು ಹಿಡಿದುಕೊಳ್ಳಬಲ್ಲೆವು, ನಿಮ್ಮ ಕೂಲಿಯ ಚೀಟಿಗೆ ತಪ್ಪದೆ ಸಹಿ ಹಾಕಬಲ್ಲೆವು.

ನಾವು ಒಲೆಗೆ ಕಳುಹಿಸಿದ ಆ ಹಲಸಿನ ಪೀಠ ಮರಳಿ ಬರುವುದಿಲ್ಲ. ಅದನ್ನು ಕೆತ್ತಿದವನ ಮೊಮ್ಮಗನೂ ದೈವಾಧೀನನಾದನು. ಅವನ ಉಳಿಗಳನ್ನು ಹಿಡಿಯುವವರು ಆ ಮನೆಯಲ್ಲಿ ಉಳಿಯಲಿಲ್ಲವೆಂದು ಕೇಳಿದ್ದೇವೆ. ಆದರೆ ಈ ದೇವಾಲಯದ ಸಾಗುವಾನಿ ಪೀಠ ಇನ್ನೂ ನಿಂತಿದೆ. ಅದರ ಬುಡಕ್ಕೂ ಈ ವರ್ಷ ಗೆದ್ದಲು ಹತ್ತಿದೆ. ನಾವು ಬಗ್ಗಿ ನೋಡಿದ್ದೇವೆ. ಬುಡವನ್ನು ಬದಲಿಸಿದರೆ ಸಾಕು. ಬದಲಿಸಲು ಬಲ್ಲವರು ಬೇಕು. ದೂರದ ನಗರದಲ್ಲಿರುವ ಆ ಮಗಳಿಗೆ ಕಳೆದ ವಾರ ಪತ್ರ ಬರೆದು, ಪೂರ್ಣ ಸಂಭಾವನೆಯೊಡನೆ ಈ ಕೆಲಸವನ್ನು ವಹಿಸಿಕೊಳ್ಳುವೆಯಾ ಎಂದು ಕೇಳಿದ್ದೇವೆ. ಒಂದೇ ನಿಬಂಧನೆಯ ಮೇಲೆ ಬರುತ್ತೇನೆಂದು ಉತ್ತರ ಕೊಟ್ಟಿದ್ದಾಳೆ: ಕೆಲಸದ ಹೊತ್ತಿನಲ್ಲಿ ಊರಿನ ಇಬ್ಬರು ಮಕ್ಕಳು ಅವಳ ಪಕ್ಕದಲ್ಲಿ ಕುಳಿತು ಕಲಿಯಬೇಕಂತೆ.

ಆ ಇಬ್ಬರು ಯಾರೆಂದು ಈ ಸಭೆಯೇ ಹೇಳಲಿ.

ನೂರು ವರ್ಷ ನಮ್ಮನ್ನು ಕಾಪಾಡಿದ ಪ್ರಭು ಯೇಸು, ಮಾತೆ ಮರಿಯಮ್ಮನವರ ಪ್ರಾರ್ಥನೆಯ ಮೂಲಕ, ನಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಲಿ.